ರಾಕ್ಷಸನ ಎಲೆ ತೆರೆಯುವ ಮೊದಲು

ಸುಮಿತ್ರಾಳ ಮಗ ಪವಾಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಯಲ್ಲಿ ಅಮ್ಮನಿಗೆಂದು ಒಂದು ಆಟ ಮಾಡಿಕೊಟ್ಟಿದ್ದ. ಮಡಚುವ ರಟ್ಟಿನ ಮೇಲೆ ಪಾತಾಳದ ಕೋಟೆ, ಒಳಗೆ ಸೆರೆಸಿಕ್ಕ ರಾಜಕುಮಾರಿ, ಜೊತೆಗೆ ಇಸ್ಪೀಟಿನಷ್ಟೇ ಅಗಲದ ಎಲೆಗಳು. ಆಡುವವರೆಲ್ಲ ಒಂದೇ ಕಡೆ. ಎದುರಾಳಿ ರಾಕ್ಷಸ ಮಾತ್ರ, ಅವನೂ ಎಲೆಗಳ ಕಟ್ಟಿನಲ್ಲೇ ಇರುವವನು. ಅವನ ಎಲೆ ತೆರೆಯುವ ಮೊದಲೇ ನಮ್ಮಲ್ಲೊಬ್ಬರು ಕವಚದ ಎಲೆ ಇಟ್ಟಿದ್ದರೆ ಪೆಟ್ಟು ತಪ್ಪುತ್ತದೆ. ತೆರೆದ ಮೇಲೆ ಇಟ್ಟರೆ ಇಲ್ಲ.

ಸಂಜೆ ವಿ.ಟಿ. ಸ್ಟೇಷನ್ನಿನಿಂದ ಹೊರಡುವ ಹಾರ್ಬರ್ ಲೈನಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾವು ನಾಲ್ವರು ಮೊಣಕಾಲ ಮೇಲೆ ರಟ್ಟು ಹರಡಿ ಆಡುತ್ತಿದ್ದೆವು. ಸುಮಿತ್ರಾ, ನಾನು ಒಂದು ಸೀಟಿನಲ್ಲಿ. ಎದುರಿಗೆ ಬೆಳಗಾವಿಯ ಶೀಲಾವತಿ ಮತ್ತು ಅಂಬವ್ವ. ಅಂಬವ್ವ ಬಿಜಾಪುರದಿಂದ ಟೈಪಿಸ್ಟ್ ಕೆಲಸಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ವಡಾಲದ ಮರಾಠಿ ಮನೆಯೊಂದರಲ್ಲಿ ಪೇಯಿಂಗ್ ಗೆಸ್ಟ್. "ದಿನಕ್ಕ ಇದೊಂದ ಹೊತ್ತು ನೋಡ್ರಿ, ನಾ ಬಾಯಿ ತುಂಬ ಮಾತಾಡೂದು," ಎಂದು ಅವಳೇ ಒಮ್ಮೆ ಹೇಳಿದ್ದಳು.

ಒಂದು ಬುಧವಾರ, ರಾಜಕುಮಾರಿ ಕೋಟೆಯ ಬಾಗಿಲ ಹತ್ತಿರ ಬಂದಿದ್ದಳು. ಶೀಲಾವತಿ ರಾಕ್ಷಸನ ಎಲೆ ತಿರುಗಿಸಿದಳು. ಅದೇ ಗಳಿಗೆಯಲ್ಲಿ ಅಂಬವ್ವ ಕವಚ ಇಟ್ಟಳು.

"ನಡ್ಯಂಗಿಲ್ಲ. ನೋಡಿ ಇಟ್ಟಿ ನೀ," ಎಂದಳು ಶೀಲಾವತಿ.

"ನೋಡಿಲ್ರಿ ಶೀಲಕ್ಕ. ಮೊದಲ ತಗದಿದ್ದೆ."

"ತಗದಿದ್ದಿ, ಇಟ್ಟಿದ್ದಿಲ್ಲ."

"ಹೋಗ್ಲಿ ಬಿಡ್ರೀ, ನಾವೆಲ್ಲ ಒಂದೇ ಕಡೆ ತಾನೇ?" ಎಂದಳು ಸುಮಿತ್ರಾ.

"ಒಂದೇ ಕಡೆ ಅಂತ ಚೀಟಿಂಗ್ ಮಾಡೂದೇನ್ರಿ? ಹಂಗ ಗೆದ್ದರ ಏನು ಮಜಾ?"

"ನಿಮಗ ರಾಕ್ಷಸನ ಮ್ಯಾಲಿರೂ ಪ್ರೀತಿ ನನ್ನ ಮ್ಯಾಲಿಲ್ಲ ಬಿಡ್ರಿ," ಎಂದಳು ಅಂಬವ್ವ. ನಗುತ್ತಲೇ ಶುರುಮಾಡಿದ ಮಾತು. ಮುಗಿಯುವಾಗ ನಗು ಉಳಿದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ವಡಾಲ ಬಂತು. ಕೈಯಲ್ಲಿದ್ದ ಎಲೆಗಳನ್ನು ರಟ್ಟಿನ ಮೇಲಿಟ್ಟು ಅವಳು ಇಳಿದುಹೋದಳು.

ಮರುದಿನ ನಮ್ಮ ಹತ್ತಿರ ಬರಲಿಲ್ಲ. ಅದೇ ಡಬ್ಬಿಯ ಆ ತುದಿಯಲ್ಲಿ, ಕಿಟಕಿಯ ಪಕ್ಕ ಕೂತು ಹೊರಗೆ ನೋಡತೊಡಗಿದಳು. ಪ್ಲಾಟ್‌ಫಾರ್ಮಿನ ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಶೀಲಾವತಿ ಎಲೆ ಹಂಚಲಿಲ್ಲ. "ನಾ ಹೇಳಿದ್ದು ತಪ್ಪೇನ್ರಿ ಸರಸ್ವತಿಬಾಯಿ?" ಎಂದು ನನ್ನನ್ನು ಕೇಳಿದಳು.

"ನಿಯಮ ಸರೀನೇ. ಆದ್ರೆ ನಿನ್ನೆ ಅವಳ ಬಲಭುಜದ ಮೇಲೆ ಒಬ್ಬಾಕೆ ತಲೆಯಿಟ್ಟು ನಿದ್ದೆ ಹೋಗಿದ್ರಲ್ಲ, ನರ್ಸ್ ಇರಬೇಕು, ಅವರಿಗೆ ಎಚ್ಚರ ಆಗಬಾರದು ಅಂತ ಅಂಬವ್ವ ಆ ಕೈ ಅಲ್ಲಾಡಿಸಲೇ ಇಲ್ಲ. ಎಡಗೈಯಲ್ಲೇ ಎಲ್ಲ ಎಲೆ ಹಿಡ್ಕೊಂಡು, ಹೆಬ್ಬೆರಳಿಂದ ಕವಚ ಹೊರಗೆ ತಳ್ತಾ ಇದ್ಲು. ನೀವು ರಾಕ್ಷಸನ್ನ ಮುಟ್ಟೋಕೆ ಮೊದಲೇ."

ಶೀಲಾವತಿ ರಟ್ಟನ್ನು ನಮ್ಮ ತೊಡೆಯ ಮೇಲಕ್ಕೆ ಸರಿಸಿದಳು. "ನನ್ನ ಕಣ್ಣು ಬರೇ ಆ ಸುಡುಗಾಡು ಕೋಟೆ ಮ್ಯಾಲಿತ್ತು," ಎಂದವಳೇ ಎದ್ದುಬಿಟ್ಟಳು.

ಆ ಹೊತ್ತಿನ ಲೋಕಲ್‌ನಲ್ಲಿ ಸಿಕ್ಕ ಸೀಟು ಬಿಟ್ಟು ಏಳುವುದು ಸಣ್ಣ ಮಾತಲ್ಲ. ಅವಳು ಎರಡು ಹೆಜ್ಜೆ ಇಡುವಷ್ಟರಲ್ಲಿ ಬೇರೊಬ್ಬಾಕೆ ಅಲ್ಲಿ ಕೂತು ಚೀಲ ತೊಡೆಯ ಮೇಲಿಟ್ಟುಕೊಂಡಾಗಿತ್ತು.

ಜನರ ನಡುವೆ ನುಗ್ಗಿಕೊಂಡು ಹೋಗಿ ಶೀಲಾವತಿ ಅಂಬವ್ವನ ಮೇಲೆ ಬಾಗಿ ಏನೋ ಹೇಳಿದಳು. ಅಂಬವ್ವ ತಲೆ ತಿರುಗಿಸಲಿಲ್ಲ. ಶೀಲಾವತಿಯ ದನಿ ಏರಿತು, ನಮಗೂ ಕೇಳಿಸಿತು.

"ಕೇಳದ ತಿರುಗಿಸಿದ್ದು ನಂದ ತಪ್ಪು. ಇನ್ನ ಮ್ಯಾಲ ನಾಲ್ಕೂ ಮಂದಿ 'ಚಲೋ' ಅನ್ನೂತನಕ ರಾಕ್ಷಸನ ಎಲಿ ಮುಟ್ಟಂಗಿಲ್ಲ. ಬರ್ತೀಯೋ, ಇಲ್ಲಾ ನಾನೂ ಇಲ್ಲೇ ನಿಂದರ್ಲ್ಯೋ?"

ಅಂಬವ್ವ ತಿರುಗಿದಳು. ಕಿಟಕಿಯ ಸೀಟನ್ನು ಪಕ್ಕದಲ್ಲಿ ನಿಂತಿದ್ದ ಮುದುಕಿಗೆ ಬಿಟ್ಟುಕೊಟ್ಟು ಎದ್ದು ಬಂದಳು. ಈಗ ಇಬ್ಬರಿಗೂ ಸೀಟಿಲ್ಲ. ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ನಮ್ಮ ತೊಡೆಯ ಮೇಲಿನ ರಟ್ಟಿಗೆ ಬಾಗಿ ನಿಂತರು. ನಿನ್ನೆಯ ಕವಚ ನಡೆಯಿತೆಂದು ಶೀಲಾವತಿಯೇ ರಾಜಕುಮಾರಿಯನ್ನು ಬಾಗಿಲಿಗೆ ಸರಿಸಿದಳು. ಮತ್ತೆ ರಾಕ್ಷಸನ ಸರದಿ.

"ಚಲೋ," ಎಂದಳು ಸುಮಿತ್ರಾ. ನಾನೂ ಅಂದೆ. ಶೀಲಾವತಿ ಕಟ್ಟಿನ ಮೇಲೆ ಬೆರಳಿಟ್ಟು ಕಾದಳು.

"ತಡೀರಿ ಶೀಲಕ್ಕ, ವಿಚಾರ ಮಾಡಾಕತ್ತೀನಿ," ಎಂದಳು ಅಂಬವ್ವ.

ಕಾಟನ್ ಗ್ರೀನ್ ಸ್ಟೇಷನ್ ದಾಟಿತು. ಹಿಂದಿನವರು ತಳ್ಳಿದರೂ ಆ ಬೆರಳು ಕದಲಲಿಲ್ಲ.

"ಮಾಡವ್ವ, ಸಾವಕಾಶ ಮಾಡು. ರಾಕ್ಷಸಗೇನು ಮನಿಗೆ ಹೋಗಿ ಅಡಗಿ ಮಾಡೂದೈತಿ?"

ಸುತ್ತ ನಿಂತವರು ತಿರುಗಿ ನೋಡುವಷ್ಟು ಜೋರಾಗಿ ಅಂಬವ್ವ ನಕ್ಕಳು. "ಚಲೋ, ತಗೀರಿ," ಎಂದಳು.