ಸಾವಿರಕ್ಕೆ ಹನ್ನೆರಡು ಕಡಿಮೆ

ನಾನು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಎಣಿಕೆ ಯಂತ್ರ. ಹುಟ್ಟಿದ್ದು ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ. ಉಕ್ಕಿನ ಮೈ, ನಾಲ್ಕು ಅಂಕಿಯ ಕಿಟಕಿ, ಹೆಬ್ಬೆರಳಿಗೊಂದು ಗುಂಡಿ. ಒತ್ತಿದರೆ ಟಿಕ್ ಎಂದು ಒಂದು ಏರುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ಮೊದಲು ಗಿರಣಿಯ ಬಾಗಿಲಲ್ಲಿ ಹತ್ತಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಎಣಿಸಿದೆ. ಗಿರಣಿ ಮುಚ್ಚಿದ ಮೇಲೆ ಅಡುಗೆ ಗುತ್ತಿಗೆದಾರನೊಬ್ಬನ ಕೈಸೇರಿದೆ. ಮದುವೆ ಊಟಗಳಲ್ಲಿ ಎಲೆಗಿಷ್ಟೆಂದು ದುಡ್ಡು; ಅವನ ಹೆಬ್ಬೆರಳು ಹಾಕಿದ ಎಲೆಗಳಿಗಿಂತ ಮುಂದೆ ಓಡುತ್ತಿತ್ತು. ನನ್ನ ಮುಖದ ಮೇಲೆ ಸುಳ್ಳು ಕುಳಿತದ್ದು ಆ ದಿನಗಳಲ್ಲಿ ಮಾತ್ರ.

ಗುಜರಿ ಅಂಗಡಿಯಿಂದ ನನ್ನನ್ನು ಎತ್ತಿ ತಂದವರು ಗದಗ ಸೀಮೆಯ ಕೆರೆಯೊಂದರ ಪಕ್ಷಿಧಾಮದವರು. ಕೊಟ್ಟದ್ದು ಫಕೀರವ್ವನ ಕೈಗೆ. ಅವಳು ಅಲ್ಲಿನ ದಿನಗೂಲಿ ಕಾವಲುಗಾರ್ತಿ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಗೆ ಬರುತ್ತವೆ. ಇರುಳೆಲ್ಲ ಹೊಲಗಳಲ್ಲಿ ಮೇಯ್ದು ಬೆಳಗಾಗುತ್ತಲೇ ನೀರಿಗೆ ಮರಳುತ್ತವೆ. ಎಣಿಸಬೇಕಾದ್ದು ಆಗ. ಇಳಿಯುವ ಮೊದಲು ಕೆರೆಯ ಮೇಲೆ ಎರಡು ಮೂರು ಸುತ್ತು ಹಾಕುತ್ತವೆ. ಹಕ್ಕಿ ನೋಡಲು ಬರುವ ದೊಡ್ಡ ಕ್ಯಾಮೆರಾದವರು ಆಕಾಶದಲ್ಲೇ ಎಣಿಸಿ ಒಂದನ್ನು ಮೂರು ಮಾಡುತ್ತಿದ್ದರು. ಫಕೀರವ್ವ ಮಾತ್ರ ಹಕ್ಕಿಯ ಕಾಲು ನೀರಿಗೆ ತಾಗಿದಾಗಲೇ ನನ್ನನ್ನು ಒತ್ತುತ್ತಿದ್ದಳು. ಅಂಥ ಹೆಬ್ಬೆರಳಿನ ಕೆಳಗಿರುವುದು ಪುಣ್ಯ.

ಅದು ಮಾರ್ಚ್ ತಿಂಗಳು. ಹಕ್ಕಿಗಳು ಉತ್ತರಕ್ಕೆ ಹೊರಡತೊಡಗಿದ್ದವು. ಆ ವರ್ಷದ ಕೊನೆಯ ಎಣಿಕೆ ಸಾವಿರ ಮುಟ್ಟಿದರೆ ಮುಂದೆಯೂ ಕಾವಲಿಗೆ ಇಬ್ಬರು ಎಂದಿತ್ತು ಪಕ್ಷಿಧಾಮದ ಕಚೇರಿ. ಇಲ್ಲದಿದ್ದರೆ ಹಳಬ ಮೌಲಾಸಾಬ ಒಬ್ಬನೇ, ಫಕೀರವ್ವ ಮನೆಗೆ.

ಬಿಸಿಲು ಏರಿತು. ಕೊನೆಯ ಗುಂಪೂ ಇಳಿಯಿತು. ನನ್ನ ಕಿಟಕಿಯಲ್ಲಿ ಒಂಬೈನೂರ ಎಂಬತ್ತೆಂಟು.

“ಹನ್ನೆರಡ ಸಲಾ ಒತ್ತಿಬಿಡವಾ,” ಎಂದ ಮೌಲಾಸಾಬ. “ಹಕ್ಕಿ ಬಂದು ಸಾಕ್ಷಿ ಹೇಳ್ತಾವೇನು?”

“ಹೇಳೂದಿಲ್ಲ ಕಾಕಾ.”

“ಮತ್ತ? ನಾಳಿಂದ ಯಾರ ಹೊಲಕ್ಕ ಕೂಲಿ ಹೋಗಾಕಿ?”

“ಕರದವರ ಹೊಲಕ್ಕ.”

“ಆ ಹಕ್ಕಿ ಹಾರೂದಕ್ಕಿಂತಾ ನಿನ್ನ ಸೊಕ್ಕ ಎತ್ತರ ಐತಿ ನೋಡು!”

“ಸೊಕ್ಕಲ್ಲ ಕಾಕಾ. ಕಾಣದ ಹಕ್ಕೀನ ಹೆಂಗ ಒತ್ತಲಿ?”

ಹಾಗೆಂದಳೇ ಹೊರತು ಅವಳ ಹೆಬ್ಬೆರಳು ಬಹಳ ಹೊತ್ತು ಗುಂಡಿಯ ಮೇಲೆಯೇ ಇತ್ತು. ಬೆವರಿತ್ತು. ಒತ್ತಲಿಲ್ಲ.

ಮರುದಿನ ಕಚೇರಿಯ ಗುಮಾಸ್ತ ಅವಳು ಬರೆದ ಅಂಕಿ ನೋಡಿ ತಲೆ ಕೆರೆದುಕೊಂಡ. “ಉಳದ ಕೆರೆಯವರೆಲ್ಲಾ ಸಾವಿರ, ಎರಡ ಸಾವಿರ ಅಂತ ಗುಂಡಗ ಬರದಾರ. ನಿಂದೊಂದ...” ನನ್ನನ್ನು ವಾಪಸು ಇಸಿದುಕೊಂಡು ಸೊನ್ನೆಗೆ ತಿರುಗಿಸಹೊರಟ.

“ನಾ ಹೋಗೂತನಕಾ ಇರಲ್ರಿ,” ಎಂದಳು ಫಕೀರವ್ವ.

ಅವನು ಕೈ ತಡೆದ. ಅವಳು ಹೋದಳು. ಆಮೇಲೂ ಅವನು ತಿರುಗಿಸಲಿಲ್ಲ; ಹಾಗೆಯೇ ಕಪಾಟಿನಲ್ಲಿಟ್ಟ.

ಈಗ ಮೊಬೈಲಿನಲ್ಲಿ ಎಣಿಸುತ್ತಾರಂತೆ. ನನ್ನ ಗುಂಡಿಗೆ ತುಕ್ಕು ಹಿಡಿದಿದೆ. ಹತ್ತಿ, ಎಲೆ, ಹಕ್ಕಿ ಎಲ್ಲ ಸೇರಿ ಲಕ್ಷಗಟ್ಟಲೆ ಎಣಿಸಿದ್ದೇನೆ. ಮುಖದ ಮೇಲೆ ಉಳಿಸಿಕೊಂಡು ಮುದಿಯಾಗಲು ಸಿಕ್ಕಿದ್ದು ಮಾತ್ರ ಈ ಒಂದು ಅಂಕಿ. ಕಪಾಟಿನ ಬಾಗಿಲು ತೆರೆದವರಿಗೆಲ್ಲ ಅದನ್ನೇ ತೋರಿಸುತ್ತೇನೆ.