ಕಡ್ಡಿಯಮ್ಮನ ಬಲೆ

ಟೈಲರಮ್ಮ ಜಿರಲೆಯನ್ನು ಮೀಸೆ ಹಿಡಿದು ಎತ್ತಬಲ್ಲವಳು. ಬಾಗಿಲ ಸಂದಿಯಲ್ಲಿ ಹಲ್ಲಿ ಸಿಕ್ಕಿಕೊಂಡರೆ ಬಾಲಕ್ಕೆ ಪೆಟ್ಟಾಗದಂತೆ ಬಿಡಿಸಿ ಕಳಿಸುವವಳು. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಅದನ್ನು ಬಿಸಿಲಿಗಿಟ್ಟು, ಅವು ಸಾಲುಗಟ್ಟಿ ಹೊರಡುವ ತನಕ ಕಾಯುವಷ್ಟು ತಾಳ್ಮೆಯೂ ಅವಳಿಗಿತ್ತು. ಆದರೆ ಜೇಡ ಎಂದರೆ ಮಾತ್ರ ಜಂಘಾಬಲ ಉಡುಗಿಹೋಗುತ್ತಿತ್ತು. ಅಷ್ಟು ಸಣ್ಣ ಮೈಗೆ ಅಷ್ಟೊಂದು ಕಾಲು ಯಾಕೆ ಬೇಕು ಎಂಬುದು ಚಿಕ್ಕಂದಿನಿಂದಲೂ ಅವಳಿಗೆ ಬಗೆಹರಿಯದ ಪ್ರಶ್ನೆ.

ಬಸ್ ಡ್ರೈವರನ್ನು ಮದುವೆಯಾಗಿ, ತನ್ನ ಹೊಲಿಗೆ ಯಂತ್ರದ ಸಮೇತ ಅವನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಎರಡನೇ ಮಹಡಿ. ಬಂದ ದಿನವೇ ಡ್ರೈವರ್ ಮನೆಮಂದಿಯ ಪರಿಚಯ ಮಾಡಿಕೊಟ್ಟಿದ್ದ.

"ನಾವು ಮೂರು ಜನ ಅನ್ನೋದು ಹೇಳೋಕಷ್ಟೇ. ಟ್ಯೂಬ್‌ಲೈಟ್ ಹಿಂದೆ ಹಲ್ಲಿ ಇದೆ. ಸಿಂಕ್ ಕೆಳಗೆ ಜಿರಲೆ ಸಂಸಾರ. ಇರುವೆಗಳು ಬಂದು ಹೋಗ್ತಿರ್ತವೆ. ಎಲ್ಲರೂ ನಿನಗಿಂತ ಸೀನಿಯರ್ಸು, ಸ್ವಲ್ಪ ಮರ್ಯಾದೆ ಕೊಡು."

ಜೇಡದ ಸುದ್ದಿಯನ್ನು ಅವನು ಎತ್ತಿರಲಿಲ್ಲ. ಹೆಂಡತಿ ಬಂದ ದಿನವೇ ವಾಪಸು ಹೋದಾಳೆಂದು ಭಯವಿತ್ತೋ ಏನೋ.

ಮೂರನೆಯವಳು ಅವನ ಮಗಳು, ಮೂರನೇ ಕ್ಲಾಸು. ಹೆತ್ತ ತಾಯಿ ಅವಳಿಗೆ ನೆನಪು ಮೂಡುವ ಮೊದಲೇ ತೀರಿಕೊಂಡಿದ್ದಳು. ಒಂದು ಕಡೆ ನಿಲ್ಲದೆ ತಿರುಗುತ್ತಾಳೆಂದು ಎಲ್ಲರೂ ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಟೈಲರಮ್ಮನಿಗೆ ಮಾತ್ರ ಆ ಹೆಸರು ಯಾಕೆ ಬಂತೆಂದೇ ತಿಳಿಯುತ್ತಿರಲಿಲ್ಲ. ಅವಳ ಎದುರಿಗೆ ಹುಡುಗಿ ಇಟ್ಟಲ್ಲಿಂದ ಅಲ್ಲಾಡದ ಗೊಂಬೆ. ಏನಾದರೂ ಬೇಕಾದಾಗ ಅಮ್ಮ ಎನ್ನಳು, ಚಿಕ್ಕಮ್ಮ ಎನ್ನಳು. ಹತ್ತಿರ ಬಂದು ನಿಂತು ಮೆಲ್ಲಗೆ ಕೆಮ್ಮುವಳು, ಅಷ್ಟೇ. ಟೈಲರಮ್ಮ ಮೊದಮೊದಲು ಇವಳಿಗೆ ಗಂಟಲು ನೋವಿರಬೇಕೆಂದು ಬಿಸಿನೀರು ಕಾಯಿಸಿ ಕೊಟ್ಟಿದ್ದಳು.

ಶಾಲೆ ಬಿಟ್ಟ ಮೇಲೆ ಗಿರಗಿಟ್ಲೆ ಹೋಗುತ್ತಿದ್ದುದು ಹಿಂದಿನ ಬೀದಿಯ ಸೋದರತ್ತೆಯ ಮನೆಗೆ. ಅವಳನ್ನು ಕೂಸಿನಿಂದ ಎತ್ತಿ ಆಡಿಸಿದವರು ಆ ಅತ್ತೆಯೇ. ಸಂಜೆ ಡ್ರೈವರ್ ಡ್ಯೂಟಿ ಮುಗಿಸಿ ಬರುವಾಗ ಕರೆದುಕೊಂಡು ಬಂದರೆ, ಊಟ ಮಾಡಿ ಮಲಗುವುದಕ್ಕಷ್ಟೇ ಈ ಮನೆ. ಈಗ ಅದಕ್ಕೂ ಸಂಚಕಾರ ಬಂದಿತ್ತು. ಮೊನ್ನೆ ಆ ಸೋದರತ್ತೆ, ಅಂದರೆ ಟೈಲರಮ್ಮನ ಅತ್ತಿಗೆ, ಒಂದು ಕುಪ್ಪಸ ಸಡಿಲ ಮಾಡಿಸಲು ಬಂದವರು, ಅಳತೆ ಕೊಡುತ್ತಲೇ ಮಾತು ತೆಗೆದಿದ್ದರು.

"ನೋಡಮ್ಮ, ನೀನು ಬೇಜಾರು ಮಾಡ್ಕೋಬಾರದು. ಮಗು ನಿನ್ನ ಜೊತೆ ಮಾತೇ ಆಡಲ್ಲ, ನಿನಗೂ ಕಷ್ಟ, ಅದಕ್ಕೂ ಕಷ್ಟ. ನಮ್ಮನೇಲೇ ಇದ್ದುಬಿಡ್ಲಿ. ಭಾನುವಾರ ಬಂದು ಅವಳ ಬಟ್ಟೆಬರೆ ತಗೊಂಡು ಹೋಗ್ತೀನಿ."

"ಅವಳು ಇಲ್ಲೇ ಇರ್ತೀನಿ ಅಂದ್ರೆ, ಅತ್ತಿಗೆ?"

"ಅಂದ್ರೆ ಇರ್ಲಿ. ನಾನೇನು ಕಟ್ಟಿ ಎಳ್ಕೊಂಡು ಹೋಗ್ತೀನಾ? ತೋಳು ಇನ್ನೂ ಸ್ವಲ್ಪ ಬಿಡಮ್ಮ, ಬಿಗಿ ಆಗತ್ತೆ."

ಟೈಲರಮ್ಮ ತೋಳು ಬಿಟ್ಟಳು. ಹುಡುಗಿಯನ್ನು ಬಿಡಲು ಮನಸ್ಸು ಬರಲಿಲ್ಲ. ಆ ಕೆಮ್ಮಿಗೂ ಅವಳು ಒಗ್ಗಿಹೋಗಿದ್ದಳು.

ಬಾಯಲ್ಲಿ ಹೇಳಲಾಗದ್ದನ್ನು ಅವಳು ಹೊಲಿದು ಹೇಳುವವಳು. ಶನಿವಾರ ಬೆಳಿಗ್ಗೆ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿ, ಗಿರಗಿಟ್ಲೆಯ ಮಂಚದ ಪಕ್ಕದ ಕಿಟಕಿಗೆ ಹಳದಿ ಪರದೆ ಹೊಲಿದಳು. ತೂಗುಹಾಕಲು ಸ್ಟೂಲು ಹತ್ತಿದವಳಿಗೆ ಕಿಟಕಿಯ ಮೇಲುಮೂಲೆಯಲ್ಲಿ ಕಂಡದ್ದು ಬಾಚಣಿಗೆಯಿಂದ ತೆಗೆದ ಕೂದಲಿನಂಥ ಒಂದು ಸಿಕ್ಕುಸಿಕ್ಕಾದ ಬಲೆ, ಅದರಲ್ಲಿ ತಲೆಕೆಳಗಾಗಿ ನೇತಾಡುವ ಉದ್ದ ಕಾಲಿನ ಜೇಡ. ಥಟ್ಟನೆ ಕೆಳಗಿಳಿದಳು. ಆದರೂ, ಮಗುವಿನ ಹಾಸಿಗೆಯ ಮೇಲೆಯೇ ಇಂಥದೊಂದು ಇರುವುದುಂಟೇ ಎಂದುಕೊಂಡು, ಪೊರಕೆ ಹಿಡಿದು ಮತ್ತೆ ಹತ್ತಿ, ಕಣ್ಣು ಅರೆಮುಚ್ಚಿ ಬೀಸಿಯೇಬಿಟ್ಟಳು. ಬಲೆ ಪೊರಕೆಗೆ ಸುತ್ತಿಕೊಂಡಿತು. ಜೇಡ ಎಲ್ಲಿ ಬಿತ್ತೋ ಕಾಣಲಿಲ್ಲ. ಕೆಳಗಿಳಿದು ನೀರು ಕುಡಿದಳು. ಜನ್ಮದಲ್ಲಿ ಇಷ್ಟು ಧೈರ್ಯ ಮಾಡಿದ್ದಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಡ್ರೈವರ್ ಹೊಸ ಪರದೆಯನ್ನು ನೋಡಿದ, ಮೇಲಿನ ಮೂಲೆಯನ್ನು ನೋಡಿದ, ಕೈಯಲ್ಲಿದ್ದ ಟೋಪಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಕಡ್ಡಿಯಮ್ಮನ್ನ ಗುಡಿಸಿಬಿಟ್ಯಾ?"

"ಯಾರ್ರೀ ಅದು?"

"ಆ ಜೇಡ ಕಣೇ. ಕಾಲು ಬೆಂಕಿಕಡ್ಡಿ ಥರ ಇದೆ ಅಂತ ಹೆಸರಿಟ್ಟಿದಾಳೆ. ದಿನಾ ಮಲಗೋ ಮುಂಚೆ ಸ್ಕೂಲಲ್ಲಿ ಏನೇನಾಯ್ತು ಅಂತ ಅದಕ್ಕೆ ವರದಿ ಒಪ್ಪಿಸ್ತಾಳೆ. ಅವರತ್ತೆ ಮನೇಲಿ ಔಷಧಿ ಹೊಡೆದು ಒಂದು ಸೊಳ್ಳೇನೂ ಉಳಿಸಿಲ್ಲ. ಮಲಗೋಕೆ ಇಲ್ಲಿಗೆ ಬರೋದೇ ಇದಕ್ಕೋಸ್ಕರ."

"ಮೊದಲೇ ಹೇಳೋಕೇನಾಗಿತ್ತು ನಿಮಗೆ?"

"ಜೇಡ ಅಂದ್ರೆ ನೀನು ಸ್ಟೂಲ್ ಹತ್ತಲ್ಲ, ಅಂದ್ಮೇಲೆ ಕಡ್ಡಿಯಮ್ಮ ಕ್ಷೇಮ ಅಂದ್ಕೊಂಡಿದ್ದೆ," ಎಂದು ಅವನು ತಟ್ಟೆಯ ಮೇಲೆ ಬಗ್ಗಿದ. "ನೀನು ಧೈರ್ಯ ಮಾಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಅವನು ಬಸ್ಸಿಗೆ ಹೋದ ಮೇಲೆ ಟೈಲರಮ್ಮ ಮಂಚದ ಮೇಲೆ ಕೂತು ಖಾಲಿ ಮೂಲೆಯನ್ನು ನೋಡಿದಳು. ಜೇಡಕ್ಕೆ ಅಮ್ಮ ಎನ್ನುತ್ತಾಳೆ, ನನಗೆ ಕೆಮ್ಮು, ಎಂದು ಒಂದು ಕ್ಷಣ ಹೊಟ್ಟೆ ಉರಿಯಿತು. ಮರುಕ್ಷಣ ತನಗೇ ನಗು ಬಂತು. ಜೇಡವನ್ನು ತರುವುದು ತನ್ನ ಕೈಲಾಗದ ಕೆಲಸ. ಆದರೆ ಬಲೆ? ಎಷ್ಟೆಂದರೂ ಅದು ದಾರದ ಕೆಲಸವಲ್ಲವೇ?

ಬೂದು ಬಣ್ಣದ ರೀಲು ತೆಗೆದು, ದಾರದ ಹುರಿ ಬಿಚ್ಚಿ ಒಂದೊಂದೇ ಎಳೆ ಬಿಡಿಸಿದಳು. ಕಿಟಕಿಯ ಮರದ ಚೌಕಟ್ಟಿಗೆ ಗುಂಡುಪಿನ್ನು ಚುಚ್ಚಿದಳು. ಮೂಲೆಯಿಂದ ಮೂಲೆಗೆ ಎಳೆ ಹಾಯಿಸಿ, ಅದರ ಮೇಲೆ ಸುತ್ತು ಸುತ್ತು ಕಟ್ಟಿ, ಕೂಡುವಲ್ಲೆಲ್ಲ ಸಣ್ಣ ಗಂಟು ಹಾಕಿದಳು. ಒಂದು ಸುತ್ತು ಸೊಟ್ಟಗಾಯಿತೆಂದು ಬಿಚ್ಚಿ, ಟೇಪು ಹಿಡಿದು ಅಂತರ ನೋಡಿ ಮತ್ತೆ ಕಟ್ಟಿದಳು. ನಡುವೆ ಎಳೆ ಬಿಟ್ಟುಕೊಳ್ಳಬಾರದೆಂದು ಕಾಜಾ ಹೊಲಿಗೆಯನ್ನೂ ಹಾಕಿದಳು. ದೂರ ನಿಂತು ನೋಡಿದಾಗ, ಚಿತ್ರದ ಪುಸ್ತಕದಲ್ಲಿ ಬರೆದ ಹಾಗೆ ಚೆಂದಾಗಿತ್ತು. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಯಾರು ತಪ್ಪು ಹಿಡಿಯುತ್ತಾರೆ ಎಂದುಕೊಂಡಳು.

ಸಂಜೆ ಡ್ರೈವರ್ ಮಗಳನ್ನು ಬಾಗಿಲಲ್ಲಿ ಬಿಟ್ಟು ಹಾಲು ತರಲು ಹೋದ. ಗಿರಗಿಟ್ಲೆ ಚೀಲ ಇಟ್ಟು ಮಂಚದ ಮೇಲೆ ನಿಂತು, ಕತ್ತೆತ್ತಿ ಬಲೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಯಂತ್ರದ ಮುಂದೆ ಕೂತು ಸುಮ್ಮನೆ ಪೆಡಲು ತುಳಿಯುತ್ತಿದ್ದ ಟೈಲರಮ್ಮನಿಗೆ ಸೂಜಿಯಲ್ಲಿ ದಾರವಿಲ್ಲದ್ದೂ ಗೊತ್ತಾಗಲಿಲ್ಲ.

ಹುಡುಗಿ ಹತ್ತಿರ ಬಂದು ಕೆಮ್ಮಿದಳು. "ಅದನ್ನ ಯಾರು ಕಟ್ಟಿದ್ದು?"

"ಯಾರು ಕಟ್ತಾರೆ? ಜೇಡ."

"ಜೇಡ ಗಂಟು ಹಾಕಲ್ಲ."

ಟೈಲರಮ್ಮ ಪೆಡಲು ತುಳಿಯುವುದನ್ನು ನಿಲ್ಲಿಸಿದಳು.

"ನಮ್ಮ ಕಡ್ಡಿಯಮ್ಮಂಗೆ ಇಷ್ಟು ನೀಟಾಗಿ ಬರೋದೂ ಇಲ್ಲ. ಅದು ಹೇಗೆಂದ್ರೆ ಹಾಗೆ ಕಟ್ಟತ್ತೆ. ಮತ್ತೆ, ಮಧ್ಯದಲ್ಲಿ ಗುಂಡಿ ಹಾಕೋ ತೂತು ಇದೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನೇ ಗುಡಿಸಿದೆ ಕಂದಾ. ಪರದೆ ಹಾಕೋಕೆ ಹೋಗಿ. ಅದು ನಿನ್ನದು ಅಂತ ಗೊತ್ತಿರಲಿಲ್ಲ."

ಗಿರಗಿಟ್ಲೆ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು, ಎತ್ತಿ ಸಮಾಧಾನ ಮಾಡಬಹುದಿತ್ತು. ಅವಳು ಚೀಲ ಹೆಗಲಿಗೇರಿಸಿ, "ನಾನು ಅತ್ತೆ ಮನೆಗೆ ಹೋಗ್ತೀನಿ," ಎಂದಳು.

"ಹೋಗುವಿಯಂತೆ, ನಾನೇ ಬಿಟ್ಟು ಬರ್ತೀನಿ. ಅದಕ್ಕೂ ಮುಂಚೆ ಒಂದ್ಸಲ ಹುಡುಕೋಣ. ಗುಡಿಸಿದ ಕಸ ಇನ್ನೂ ಆಚೆ ಹಾಕಿಲ್ಲ, ಕಸದಲ್ಲಂತೂ ಇರಲಿಲ್ಲ. ಮನೇಲೇ ಎಲ್ಲೋ ಇದೆ."

ಹುಡುಗಿ ಸ್ವಲ್ಪ ಯೋಚಿಸಿ ಚೀಲ ಇಳಿಸಿದಳು. ಪರದೆಯ ಮಡಿಕೆ ನೋಡಿದರು, ಸ್ಟೂಲಿನ ಅಡಿ ನೋಡಿದರು. ಕೊನೆಗೆ ಇಬ್ಬರೂ ಸೇರಿ ಮಂಚವನ್ನು ಸರಿಸಿದಾಗ, ಗೋಡೆಯ ಬುಡದಿಂದ ಹೊಳೆಯುವ ಕಂದು ಜಿರಲೆಯೊಂದು ಸರ್ರನೆ ಹೊರಗೆ ಬಂತು.

"ಅಮ್ಮಾ!"

ಗಿರಗಿಟ್ಲೆ ಎಲ್ಲಿ ಕಾಲಿಟ್ಟಳೋ, ನೋಡುವಷ್ಟರಲ್ಲಿ ಹೊಲಿಗೆ ಯಂತ್ರದ ಮೇಲಿದ್ದಳು. ಹೆದರಿದಾಗ ಬಾಯಿಗೆ ಬರುವ ಅಮ್ಮ ಲೆಕ್ಕಕ್ಕಿಲ್ಲವೆಂದು ಟೈಲರಮ್ಮನಿಗೆ ಗೊತ್ತಿತ್ತು. ಹಾಗಿದ್ದರೂ ಒಂದು ಗಳಿಗೆ ಅವಳಿಗೆ ಜಿರಲೆ ಕಾಣಿಸಲಿಲ್ಲ. ಆಮೇಲೆ ಬಗ್ಗಿ, ಅದರ ಮೀಸೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಮೆಟ್ಟಿಲ ಬಳಿ ಬಿಟ್ಟು ಬಂದು ಕೈ ತೊಳೆದಳು.

ಹುಡುಗಿಯ ಬಾಯಿ ತೆರೆದೇ ಇತ್ತು. "ನಿಮಗೆ ಹೆದರಿಕೆ ಆಗಲ್ವಾ?"

"ಜಿರಲೆಗಾ? ಅದೇನು ಮಾಡತ್ತೆ? ನನಗೆ ಜೇಡ ಅಂದ್ರೇನೆ ಜೀವ ಹೋಗೋದು."

"ಜೇಡಕ್ಕಾ?" ಗಿರಗಿಟ್ಲೆ ಕಿಸಕ್ಕೆಂದು ನಕ್ಕಳು. "ಅದು ಪಾಪದ್ದು. ಸುಮ್ಮನೆ ನೇತಾಡ್ತಿರತ್ತೆ. ಜಿರಲೆ ಹಾರತ್ತೆ, ಗೊತ್ತಾ? ಮುಖದ ಮೇಲೇ ಬರತ್ತೆ."

"ನಮ್ಮನೆ ಜಿರಲೆಗಳಿಗೆ ಅಷ್ಟು ಶಕ್ತಿ ಇಲ್ಲ ಬಿಡು. ಎಲ್ಲಾ ಕೂತು ತಿಂದು ಬೊಜ್ಜು ಬಂದಿರೋವು."

ಹುಡುಗಿ ಮತ್ತೆ ನಕ್ಕಳು. ಯಂತ್ರದ ಮೇಲಿಂದಲೇ ಕೋಣೆಯನ್ನೆಲ್ಲ ನೋಡಿ, ಕಿಟಕಿಯ ಕೆಳಗಿನ ತುಂಡುಬಟ್ಟೆಯ ಬುಟ್ಟಿಯನ್ನು ತೋರಿಸಿದಳು. "ಅಲ್ಲಿರತ್ತೆ. ಕಡ್ಡಿಯಮ್ಮಂಗೆ ಕತ್ತಲೆ ಇಷ್ಟ."

ಇಬ್ಬರೂ ಬುಟ್ಟಿಯ ಎರಡು ಕಡೆ ಕುಕ್ಕರಗಾಲಲ್ಲಿ ಕೂತರು. ಯಾರೂ ಕೈ ಹಾಕಲಿಲ್ಲ.

"ನೀವು ತೆಗೀರಿ," ಎಂದಳು ಗಿರಗಿಟ್ಲೆ. "ಒಳಗೆ ಜಿರಲೆ ಇದ್ರೆ?"

"ನೀನು ತೆಗಿ. ಒಳಗೆ ಜೇಡ ಇದ್ರೆ?"

"ಜೇಡ ಇರ್ಲಿ ಅಂತಾನೇ ಅಲ್ವಾ ಹುಡುಕ್ತಿರೋದು?"

ಅದೂ ನಿಜವೇ. ಟೈಲರಮ್ಮ ಹುಡುಗಿಯ ಮುಖ ನೋಡಿದಳು, ಮೂಲೆಯಲ್ಲಿಟ್ಟ ಶಾಲೆಯ ಚೀಲ ನೋಡಿದಳು, ಉಸಿರು ಬಿಗಿಹಿಡಿದು ಬುಟ್ಟಿಗೆ ಕೈ ಹಾಕಿದಳು. ಒಂದೊಂದೇ ತುಂಡು ಹೊರಗೆ ಬಂತು. ಹೂವಿನ ಚೀಟಿ ಬಟ್ಟೆಯ ತುಂಡು, ಲೈನಿಂಗು, ಯಾರದೋ ಶರ್ಟಿನ ಕಾಲರು. ಕಾಲರಿನ ಜೊತೆಗೆ ಮಣಿಕಟ್ಟಿನ ಮೇಲೆ ಗಾಳಿ ಸೋಕಿದಷ್ಟು ಹಗುರಾಗಿ ಏನೋ ನಡೆದಂತಾಯಿತು.

"ಅಲ್ಲಾಡಬೇಡಿ," ಗಿರಗಿಟ್ಲೆ ಪಿಸುಗುಟ್ಟಿದಳು. "ಅದು ಹೆದರಿಬಿಡತ್ತೆ."

"ಅದು ಹೆದರತ್ತಾ?" ಟೈಲರಮ್ಮನ ದನಿ ಎಲ್ಲೋ ಹೊಟ್ಟೆಯೊಳಗಿಂದ ಬಂತು.

"ಹೂಂ. ನಿಮಗಿಂತ ಜಾಸ್ತಿ. ಮೆಲ್ಲಗೆ ಏಳಿ. ಕೈ ಹಾಗೇ ಇರ್ಲಿ. ನಾನು ಹಿಡ್ಕೊಂಡಿದೀನಿ."

ನಿಜವಾಗಿಯೂ ಹಿಡಿದುಕೊಂಡಿದ್ದಳು. ಮೊಣಕೈಯನ್ನು ಎರಡೂ ಪುಟ್ಟ ಕೈಗಳಿಂದ ತಾಂಗಿ, ತುಂಬಿದ ಬಿಂದಿಗೆಯನ್ನು ಸಾಗಿಸುವವಳಂತೆ ಕಿಟಕಿಯ ಕಡೆ ನಡೆಸಿದಳು. ಮಂಚ ಹತ್ತಿಸಿದಳು. ಟೈಲರಮ್ಮ ಕಣ್ಣು ಮುಚ್ಚಿಕೊಂಡು ಕೈ ಎತ್ತಿದಳು. ಕಾಲುಗಳು ಒಂದಾದ ಮೇಲೊಂದು ಬೆರಳ ತುದಿ ದಾಟಿದವು, ಎಲ್ಲ ಕಾಲು ದಾಟುವುದು ಒಂದು ಯುಗವಾಯಿತು. ಕಣ್ಣು ಬಿಟ್ಟಾಗ ಕಡ್ಡಿಯಮ್ಮ ದಾರದ ಬಲೆಯ ಮೇಲಿತ್ತು. ಕಾಜಾದ ತನಕ ಹೋಗಿ, ಸುತ್ತಮುತ್ತ ತಡವಿ ನೋಡಿ, ಹಿಡಿಸಲಿಲ್ಲವೆಂಬಂತೆ ಮೂಲೆಗೆ ಸರಿಯಿತು.

"ನಿಮ್ಮ ಕೆಲಸ ಪಸಂದಾಗಲಿಲ್ಲ ಅದಕ್ಕೆ," ಎಂದಳು ಗಿರಗಿಟ್ಲೆ.

"ಗಿರಾಕಿಗಳೆಲ್ಲಾ ಹೀಗೇ," ಎಂದು ಟೈಲರಮ್ಮ ಮಂಚದ ಮೇಲೆ ಕುಸಿದು ಕೂತಳು.

ಅಂದು ಅತ್ತೆಯ ಮನೆಯ ಮಾತು ಬರಲಿಲ್ಲ. ಹಾಲು ತಂದ ಡ್ರೈವರನಿಗೆ ಹೊಸ ಕರಾರು ತಿಳಿಸಲಾಯಿತು: ಜೇಡಗಳೆಲ್ಲ ಮಗಳ ಪಾಲು, ಜಿರಲೆಗಳೆಲ್ಲ ಟೈಲರಮ್ಮನ ಪಾಲು.

"ಮತ್ತೆ ನನಗೆ?"

"ನಿಮಗೆ ಸೊಳ್ಳೆ," ಎಂದರು ಇಬ್ಬರೂ.

ಭಾನುವಾರ ಅತ್ತಿಗೆ ದೊಡ್ಡ ಖಾಲಿ ಚೀಲ ಹಿಡಿದು ಬಂದರು. ಟೈಲರಮ್ಮ ಕುಪ್ಪಸಕ್ಕೆ ಕೊನೆಯ ಕೊಕ್ಕೆ ಹಾಕುತ್ತಿದ್ದಳು. ಕರಾರು ಏನೇ ಇರಲಿ, ಮಗುವಿನ ಮನಸ್ಸು ಮಗುವಿನದು. ಇರು ಎಂದು ತಾನಾಗಿ ಹೇಳುವುದು ಸರಿಯಲ್ಲವೆಂದು ತಲೆ ತಗ್ಗಿಸಿಯೇ ಕೂತಳು. ಅತ್ತಿಗೆ ನೀರು ಕುಡಿಯಲು ಗಿರಗಿಟ್ಲೆಯ ಹಿಂದೆಯೇ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಲೋಟ ಬಿದ್ದ ಸದ್ದು, ಸ್ಟೂಲು ಎಳೆದ ಸದ್ದು.

ಈ ಸಲ ಕೆಮ್ಮು ಕೇಳಲಿಲ್ಲ. "ಬೇಗ ಬಾ, ನಿಂದು ಬಂದಿದೆ," ಎಂದು ಹುಡುಗಿ ಮನೆ ಹಾರಿಹೋಗುವಂತೆ ಕೂಗಿದಳು.

ಟೈಲರಮ್ಮ ಹಲ್ಲಲ್ಲಿ ದಾರ ಕಚ್ಚಿಕೊಂಡೇ ಎದ್ದು ಹೋದಳು. ಒಂದು ಸ್ಟೂಲಿನ ಮೇಲೆ ಗಿರಗಿಟ್ಲೆ, ಇನ್ನೊಂದರ ಮೇಲೆ ಸೀರೆ ಎತ್ತಿ ಹಿಡಿದ ಅತ್ತಿಗೆ, ನಡುವೆ ನೆಲದ ಮೇಲೆ ಮೀಸೆ ಆಡಿಸುತ್ತ ನಿಂತ ಜಿರಲೆ. ಬಗ್ಗಿ ಎತ್ತಿ, ಮೆಟ್ಟಿಲ ಬಳಿ ಬಿಟ್ಟು ಬಂದಳು.

ಅತ್ತಿಗೆ ಸ್ಟೂಲಿನಿಂದ ಇಳಿಯದೆಯೇ ಸುಧಾರಿಸಿಕೊಂಡು, ಟೈಲರಮ್ಮನ ಕಡೆ ಕೈ ತೋರಿಸಿ ಗಿರಗಿಟ್ಲೆಗೆ ಹೇಳಿದರು. "ಎಷ್ಟು ಔಷಧಿ ಹೊಡೆದ್ರೂ ನಮ್ಮನೇಲೂ ಆಗಾಗ ಒಂದೊಂದು ಬರತ್ತೆ. ಬಂದಾಗ ಇವಳನ್ನ ಸ್ವಲ್ಪ ಕಳಿಸಿಕೊಡೇ, ಪುಟ್ಟಾ."

"ಆಗಲ್ಲ ಅತ್ತೆ," ಗಿರಗಿಟ್ಲೆ ಸ್ಟೂಲಿನ ಮೇಲೆಯೇ ಒಂದು ಸುತ್ತು ತಿರುಗಿದಳು. "ಬೇಕಾದ್ರೆ ನೀನೇ ಜಿರಲೆ ತಗೊಂಡು ನಮ್ಮನೆಗೆ ಬಾ."

ಅತ್ತಿಗೆ ಹುಡುಗಿಯನ್ನು ನೋಡಿದರು, ಟೈಲರಮ್ಮನನ್ನು ನೋಡಿದರು. ಆಮೇಲೆ ಕೆಳಗಿಳಿದು, ತಂದ ಚೀಲದೊಳಗೆ ಕುಪ್ಪಸವನ್ನಷ್ಟೇ ಮಡಿಚಿ ಹಾಕಿಕೊಂಡರು.