ಕೊಯ್ಲಿನ ವಾರದ ಹಾಜರಿ

ಸರೋವರದಲ್ಲಿ ಮನೂಮಿನ್ ಬಲಿತಾಗ ಅಮೆರಿಕದ ಓಜಿಬ್ವೆ ಬುಡಕಟ್ಟಿನ ನಮ್ಮ ಊರಿನಲ್ಲಿ ಯಾರ ಮನೆ ಬಾಗಿಲು ಬಡಿದರೂ ಒಳಗೆ ಜನ ಇರುವುದಿಲ್ಲ. ನೀರಿನಲ್ಲಿ ಬೆಳೆಯುವ ಈ ಅಕ್ಕಿ ಒಂದು ಜೋರು ಗಾಳಿಗೆ ಉದುರಿಹೋಗುತ್ತದೆ. ಅದಕ್ಕೇ ಕಾಲೇಜಿನ ಮಕ್ಕಳೂ ಆ ವಾರ ದೋಣಿಯಲ್ಲೇ. ನಮ್ಮ ಬುಡಕಟ್ಟಿನ ಕಾಲೇಜು ಇದನ್ನು ತಪ್ಪು ಅನ್ನುವುದಿಲ್ಲ, ಬಿಟ್ಟ ಪಾಠವನ್ನು ಆಮೇಲೆ ಹೇಳಿಕೊಡುತ್ತದೆ.

ವಿಲ್ಮರ್ ಅಂಗಳದಲ್ಲಿ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಅಕ್ಕಿ ಹುರಿಯುತ್ತಿದ್ದ. ಮಗಳು ರೊಶೆಲ್ ಹುರಿದದ್ದನ್ನು ಗುಂಡಿಯಲ್ಲಿ ಹಾಕಿ ಹೊಟ್ಟು ಬಿಡುವ ಹಾಗೆ ತುಳಿಯುತ್ತಿದ್ದಳು. ಕಾಲೇಜಿನ ಆಡಳಿತ ಮಂಡಳಿಯಲ್ಲಿರುವ ಪಕ್ಕದ ಮನೆಯ ಬರ್ನಡೀನ್ ಬಿರುಸಾಗಿ ಬಂದಳು.

"ವಿಲ್ಮರಾ, ಸರ್ಕಾರದ ಹೊಸ ನಿಯಮದ ಕರಡು ನೋಡಿದ್ಯಾ? ಕೊಯ್ಲಿನ ವಾರ ಕ್ಲಾಸಲ್ಲಿ ಕೂತಿದ್ದೋರನ್ನ ಮಾತ್ರ ಎಣಿಸ್ತಾರಂತೆ. ಅಷ್ಟು ತಲೆಗೆ ಮಾತ್ರ ಕಾಲೇಜಿಗೆ ಅನುದಾನ."

"ಅದನ್ನ ಹೋದ ತಿಂಗಳು ಸರ್ಕಾರದ ಅಧಿಕಾರಿ ಬಂದಿದ್ದ ಸಭೇಲೇ ಬೇಡ ಅಂದ್ವಲ್ಲಕ್ಕಾ!"

"ಏನಂತ ಅಂದ್ರಿ?"

"ಏನೂ ಅನ್ಲಿಲ್ಲ. ಇಡೀ ಸಭೆ ತಲೆ ಬಗ್ಗಿಸ್ಕೊಂಡು ಸುಮ್ನೆ ಕೂತಿತ್ತು. ಮನೆಗೆ ಬಂದ ಅತಿಥಿಗೆ ಇದಕ್ಕಿಂತ ಜೋರಾಗಿ ಬೇಡ ಅನ್ನೋಕಾಗುತ್ತಾ?"

ಬರ್ನಡೀನ್ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾರಾಯ! ವಾಷಿಂಗ್ಟನ್ನಿನೋರಿಗೆ ಸುಮ್ನಿದ್ರೆ ಒಪ್ಪಿಗೆ ಅಂತ ಲೆಕ್ಕ. 'ಯಾರದೂ ತಕರಾರಿಲ್ಲ' ಅಂತ ಬರ್ಕೊಂಡು ಹೋಗಿದ್ದಾರೆ."

"ಓ! ಅದಕ್ಕೇ ಆ ಪುಣ್ಯಾತ್ಮ ಹೋಗೋವಾಗ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ್ದು!"

ರೊಶೆಲ್‌ಗೆ ನಗು ಬರಲಿಲ್ಲ. "ಅಪ್ಪಾ, ಅನುದಾನ ಕಮ್ಮಿಯಾದ್ರೆ ಮೊದ್ಲು ಮುಚ್ಚೋದು ನಮ್ಮ ನರ್ಸಿಂಗ್ ತರಗತಿ. ಮಗೂನ ಇಲ್ಲಿ ಬಿಟ್ಟು ನಾನು ದೂರದ ಪಟ್ಟಣಕ್ಕೆ ಹೋಗ್ಲಾ? ಓದೇ ಬಿಡ್ಬೇಕಾಗುತ್ತೆ."

ವಿಲ್ಮರ್‌ನ ಸೌಟು ನಿಂತಿತು. "ಅವ್ರು ನಮ್ಮ ಮಾತು ಕೇಳ್ತಾರಾ ಅಕ್ಕಾ? ನಾನು ಕಾಲೇಜಿನ ಮೆಟ್ಟಿಲೇ ಹತ್ತಿದೋನಲ್ಲ."

"ಕರಡು ಅಂದ್ರೆ ಇನ್ನೂ ತಿದ್ದಬಹುದು ಅಂತ. ಹೇಳಿದ್ದನ್ನೆಲ್ಲ ಬರ್ಕೋಬೇಕು, ಮುಖ್ಯವಾದ ಆಕ್ಷೇಪಕ್ಕೆ ಉತ್ತರ ಕೊಡ್ಲೇಬೇಕು, ಅವರಿಗೂ ಕಾನೂನಿದೆ. ಶುಕ್ರವಾರ ಕೊನೇ ಸಭೆ. ಅಳದಿದ್ರೆ ತಾಯೀನೂ ಹಾಲು ಕೊಡಲ್ಲ ಕಣೋ. ನಿನ್ನ ಮಗಳು ಆ ವಾರ ಎಲ್ಲಿರ್ತಾಳೆ, ಅಷ್ಟೇ ಹೇಳು."

"ಅಲ್ಲೀತನಕ ಅಕ್ಕಿ ಕರಟಿಸ್ಬೇಡ" ಎಂದಳು ರೊಶೆಲ್. ಆಗಲೇ ವಾಸನೆ ಬಂದಿತ್ತು.

ಶುಕ್ರವಾರ ಸಭಾಂಗಣ ತುಂಬಿತ್ತು. ವಿಲ್ಮರ್ ಎದ್ದು ನಿಂತ.

"ಆ ವಾರ ನನ್ನ ಮಗಳು ನನ್ನ ದೋಣಿಯಲ್ಲಿರ್ತಾಳೆ. ನಾನು ಜಲ್ಲೆ ಊರಿ ದೋಣಿ ತಳ್ತೀನಿ, ಅವಳು ತೆನೆ ಬಡೀತಾಳೆ. ಓದು ಬಿಟ್ಟಿಲ್ಲ. ಕಾಲೇಜಲ್ಲಿ ಹೆಸರಿದ್ದೋರನ್ನ ಎಣಿಸಿ ಸ್ವಾಮಿ, ಬೆಂಚನ್ನಲ್ಲ."

ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಅಧಿಕಾರಿಯ ಪೆನ್ನಿಗೆ ಬಿಡುವು ಸಿಗಲಿಲ್ಲ. ನಿಯಮ ಅಂತಿಮವಾಗಿ ಬಂದಾಗ ದಾಖಲಾದ ಮಕ್ಕಳೆಲ್ಲ ಲೆಕ್ಕಕ್ಕೆ ಸೇರಿದ್ದರು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ರೊಶೆಲ್ ಈಗ ಕೊನೆಯ ವರ್ಷದಲ್ಲಿದ್ದಾಳೆ.

ನೆಂಟರೇ, ನಿಮ್ಮೂರಿಗೂ ಒಂದು ಕರಡು ಬರಬಹುದು. ಓದಿ, ಅರ್ಥವಾಗದಿದ್ದರೆ ಓದಿಸಿಕೊಳ್ಳಿ. ಸಭೆಗೆ ಹೋಗಿ, ಬೇಡವಾದದ್ದನ್ನು ಬೇಡ ಎಂದು ಬಾಯಿಬಿಟ್ಟು ಹೇಳಿ, ಬರೆದೂ ಕೊಡಿ. ಬರೆಯುವವರು ಬೇರೆ ಊರಿನವರು, ಓದುವ ಮಕ್ಕಳು ನಮ್ಮವರು.